ಕತ್ತು ಕೊಟ್ಟವರು

ಎಡಗೆನ್ನೆ ಮುಗಿದಿತ್ತು. ಬಲಗೆನ್ನೆಗೆ ನೊರೆ ಹಚ್ಚಿ ಮಗ ಎರಡು ಬೆರಳಿನಿಂದ ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿದ. ಜೀವವಿದ್ದವರ ಚರ್ಮ ಎಳೆದರೆ ತಾನೂ ಹಿಂದಕ್ಕೆ ಎಳೆಯುತ್ತದೆ. ಇದು ಎಳೆದಲ್ಲೇ ನಿಂತುಬಿಟ್ಟಿತು. ಹದಿನೆಂಟು ವರ್ಷ ಕ್ಷೌರದ ಕತ್ತಿ ಹಿಡಿದ ಕೈ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಗಳಿಗೆ ಹೊತ್ತು ಗಾಳಿಯಲ್ಲೇ ತಡೆಯಿತು.

“ಗಲ್ಲದ ಕೆಳಗೆ ನಿಧಾನ,” ಎಂದಳು ತಾಯಿ. “ಅಲ್ಲೊಂದು ಸುಳಿ ಇದೆ ಅವರಿಗೆ.”

“ಗೊತ್ತಮ್ಮ.”

“ಗೊತ್ತಿದ್ರೆ ಸರಿ. ನೀನು ಅವರಿಗೆ ಮಾಡಿ ಎರಡು ವರ್ಷ ಆಯ್ತಲ್ಲ, ಮರೆತಿದ್ದೀಯೇನೋ ಅಂತ ಹೇಳ್ದೆ.”

ಅವಳು ಕೊಂಕು ಆಡುವ ಹೆಂಗಸಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಹಾಗಿರುತ್ತದೆ ಎಂದು ಹಿರಿಯರು ಹೇಳುವುದು ಇಂಥ ಹೊತ್ತಿಗೇ ಇರಬೇಕು. ಅಂಗಡಿಗೆ ರಜೆಯಿರುವ ದಿನ ಅಪ್ಪ ಮಗ ಒಬ್ಬರಿಗೊಬ್ಬರು ಗಡ್ಡ ಮಾಡಿಕೊಳ್ಳುವುದು ಆ ಮನೆಯ ಹಳೆಯ ವಾಡಿಕೆ. ಅದು ಎರಡು ವರ್ಷದ ಹಿಂದೆ ನಿಂತುಹೋಗಿತ್ತು. ನಿಲ್ಲಿಸಿದವನು ಮಗ. ಮೊದಲ ವಾರ ಬೆನ್ನುನೋವು ಅಂದ, ಎರಡನೆಯ ವಾರ ಹೊರಗೆ ಕೆಲಸವಿದೆ ಅಂದ, ಮೂರನೆಯ ವಾರ ಕೇಳುವುದನ್ನು ಅಪ್ಪನೇ ಬಿಟ್ಟರು.

ಬೆಳಿಗ್ಗೆ ತಾಯಿ ಬಾಗಿಲು ಹಾಕಿಕೊಂಡು ತಾನೊಬ್ಬಳೇ ಗಂಡನ ಮೈ ತೊಳೆದು, ಬಿಳಿಯ ಅಂಗಿ ತೊಡಿಸಿ, ಕೊರಳಿನ ಗುಂಡಿಯನ್ನೂ ಬಿಡದೆ ಹಾಕಿದ್ದಳು. ಗಡ್ಡವೊಂದನ್ನು ಮಗನಿಗೆ ಬಿಟ್ಟಿದ್ದಳು.

ಹೊರಗೆ ಸೋದರಮಾವ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಅವನ ದನಿಗೆ ಗೋಡೆಗಳು ಲೆಕ್ಕವೇ ಅಲ್ಲ. “ಹೌದೌದು, ಹಾರ್ಟು. ಎರಡು ವರ್ಷದ ಹಿಂದೆ ಎದೆಗೆ ಮಷೀನ್ ಹಾಕ್ಸಿದ್ರಲ್ಲ ನಮ್ಮ ಭಾವ, ಅದೇ. ಅದೂ ಪಾಪ ಎಷ್ಟು ದಿನ ಅಂತ ತಳ್ಳುತ್ತೆ.”

ಮಗ ಕತ್ತಿಯನ್ನು ನೀರಿನಲ್ಲಿ ಅದ್ದಿದ. ಅಂಥ ಮಷೀನು ಯಾವುದೂ ಅಪ್ಪನ ಎದೆಯಲ್ಲಿರಲಿಲ್ಲ. ಆಸ್ಪತ್ರೆಯವರನ್ನು ಬಿಟ್ಟರೆ ಇದು ಗೊತ್ತಿದ್ದವರು ಮೂರೇ ಜನ ಎಂದು ಅವನು ನಂಬಿದ್ದ. ಆ ಮೂವರಲ್ಲಿ ಒಬ್ಬರ ಗಲ್ಲ ಈಗ ಅವನ ಕೈಯಲ್ಲಿತ್ತು.

*

ಅಪ್ಪನ ದೊಡ್ಡಕರುಳಿನಲ್ಲಿ ಗಡ್ಡೆಯಿತ್ತು. ಅದನ್ನು ಕೊಯ್ದು ತೆಗೆದ ಮೇಲೆ ಕೀಮೋ ಆಗಬೇಕೆಂದರು. ಕೀಮೋ ಶುರುವಾಗುವ ಮೊದಲು ತಯಾರಿಗೆಂದು ಒಂದು ದಿನ ಕರೆಸಿಕೊಂಡರು. ಸಣ್ಣ ಕೋಣೆ, ಹಸಿರು ಪರದೆ, ನಾಲ್ಕು ಕುರ್ಚಿ. ದುಂಡಗಿನ ನರ್ಸಮ್ಮ ಒಬ್ಬಳು ಬೆರಳು ಮಡಿಸುತ್ತ ಪಾಠ ಹೇಳಿದಳು. ಹಲ್ಲಿನ ಡಾಕ್ಟರಿಗೆ ತೋರಿಸಿ, ಹುಳುಕಿದ್ದರೆ ಈಗಲೇ ಕೀಳಿಸಿ. ಮೆತ್ತನೆಯ ಬ್ರಷ್ಷು ಕೊಳ್ಳಿ. ಜ್ವರ ನೋಡುವ ಕಡ್ಡಿ ಕೈಗೆ ಸಿಗುವ ಕಡೆ ಇರಲಿ; ಜ್ವರ ನೂರು ದಾಟಿದರೆ ನಾಳೆ ನೋಡೋಣ ಅನ್ನಬೇಡಿ, ಬಂದುಬಿಡಿ. ತಲೆಯ ಮೇಲಿಂದ ಹಾಕುವ ಅಂಗಿ ಬೇಡ, ಮುಂದೆ ಗುಂಡಿಯಿರುವುದನ್ನೇ ಹಾಕಿ.

“ಅಂಗಿಗೆ ಯಾಕೆ ತಾಯಿ ಇಷ್ಟು ಕಟ್ಟುನಿಟ್ಟು?” ಎಂದರು ಅಪ್ಪ.

ನರ್ಸಮ್ಮ ಮೇಜಿನ ಖಾನೆಯಿಂದ ಒಂದು ಸಣ್ಣ ಬಿಲ್ಲೆಯನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು. ನಾಣ್ಯದಗಲ, ಎರಡು ಮೂರು ನಾಣ್ಯ ಪೇರಿಸಿದಷ್ಟು ದಪ್ಪ. ನಡುವೆ ರಬ್ಬರಿನಂಥ ಮೆತ್ತೆ, ಒಂದು ಬದಿಯಿಂದ ಬಿಳಿಯ ಎಳೆಯಂಥ ಕೊಳವೆ. “ಇದು ಪೋರ್ಟು. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಇಡ್ತಾರೆ. ಕೊಳವೆ ಒಳಗಿನ ದೊಡ್ಡ ರಕ್ತನಾಳಕ್ಕೆ ಹೋಗುತ್ತೆ. ಪ್ರತಿಸಲ ಕೈಗೆ ಚುಚ್ಚಿದ್ರೆ ಈ ಔಷಧಿಗೆ ನರ ಬೆಂದುಹೋಗುತ್ತೆ ಯಜಮಾನ್ರೇ. ಇದಿದ್ರೆ ಸೂಜಿ ಈ ಮೆತ್ತೆಗೆ ಇಳಿಯುತ್ತೆ.”

“ಎಷ್ಟು ಸಲ ಚುಚ್ಚಿದ್ರೂ ಸೋರಲ್ವಾ?”

“ನೂರಾರು ಸಲ ಚುಚ್ಚಬಹುದು.”

“ಹಾಗಾದ್ರೆ ನಮ್ಮ ಮುಖಕ್ಕಿಂತ ವಾಸಿ. ನಮ್ಮ ಕತ್ತಿ ಒಂದು ಸಲ ತಾಗಿದ್ರೆ ಸಾಕು, ಪಟಿಕ ಹುಡುಕಬೇಕು.” ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಒಳ್ಳೆಯ ಕತ್ತರಿ ಕಂಡಾಗ ನೋಡುವ ಹಾಗೆ. “ಮಾಡಿದವನ ಕೈ ತಣ್ಣಗಿರಲಿ. ದೇವರು ಬೇಡ ಅಂದ್ರೆ ಇಂಥದ್ದು ಮನುಷ್ಯನ ತಲೆಗೆ ಹೊಳೀತಿರಲಿಲ್ಲ.” ಆಮೇಲೆ ಮೆಲ್ಲಗೆ ಕೇಳಿದರು: “ನಾನು ಕ್ಷೌರದವನು ತಾಯಿ. ಬಲಗೈ ಇಡೀ ದಿನ ಮೇಲೇ ಇರುತ್ತೆ. ಅಡ್ಡಿ ಮಾಡುತ್ತಾ?”

“ಒಂದೆರಡು ವಾರ ಕೈ ಎತ್ತಬೇಡಿ. ಆಮೇಲೆ ನಿಮ್ಮ ಮೈ ಅದನ್ನ ಮನೆ ಅಳಿಯನ ಹಾಗೆ ಒಳಗೆ ಸೇರಿಸ್ಕೊಳ್ಳುತ್ತೆ.”

ಎಲ್ಲರೂ ನಕ್ಕರು. ಮಗ ನಗಲಿಲ್ಲ. ಅವನು ಆಗಲೇ ಬೇರೆ ಲೆಕ್ಕದಲ್ಲಿದ್ದ. ಅವರ ಬೀದಿಯ ಹೊಟೇಲಿನವನಿಗೆ ಕ್ಷಯವಂತೆ ಎಂದು ಸುದ್ದಿ ಹಬ್ಬಿ ಮೂರೇ ತಿಂಗಳಲ್ಲಿ ಹೊಟೇಲು ಬಾಗಿಲು ಹಾಕಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅವರ ಅಂಗಡಿಯ ಎದುರಿಗೇ ಗಾಜಿನ ಬಾಗಿಲಿನ ಹೊಸ ಸಲೂನೊಂದು ಬಂದಿತ್ತು. ಹೊರಗಿನ ಉದ್ದನೆಯ ಓಣಿಯಲ್ಲಿ ತಾಯಿ ಔಷಧಿ ಸಾಲಿನಲ್ಲಿ ನಿಂತಾಗ ಅವನು ಹೇಳಿದ:

“ಅಪ್ಪಾ, ಇದನ್ನ ಹಾರ್ಟಿನ ಮಷೀನು ಅನ್ನೋಣ. ನಮ್ಮ ಮೇಷ್ಟ್ರಿಗೆ ಹಾಕಿದ್ದಾರಲ್ಲ, ಅಂಥದು.”

“ಯಾಕೆ? ಇದು ಅಂಟುರೋಗ ಅಲ್ಲವಲ್ಲೋ.”

“ನಮಗೆ ಗೊತ್ತು. ಮುಖ ಕೊಡೋರಿಗೆ ಗೊತ್ತಾ? ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ?”

ಅಪ್ಪ ಅಂಗಿಯ ತುದಿಯನ್ನು ಮಡಿಸಿದರು, ಬಿಡಿಸಿದರು. “ನಾನು ಸುಳ್ಳೇ ಹೇಳಿಲ್ಲ ಅಂತಲ್ಲ. ಬೊಕ್ಕತಲೆಯವರಿಗೆ ಕೂದಲು ದಟ್ಟ ಆಗ್ತಿದೆ ಅಂತ ದಿನಾ ಹೇಳ್ತೀನಿ. ಅದು ಅವರಿಗೂ ಗೊತ್ತಿರೋ ಸುಳ್ಳು. ಇದು ಹಾಗಲ್ಲ ಕಣಪ್ಪ.”

“ಅಂಗಡಿ ನನ್ನದೂ ಹೌದಲ್ಲಪ್ಪ. ನೀವು ಇರ್ತೀರಿ, ಹೋಗ್ತೀರಿ. ನಾನು ಅಲ್ಲೇ ನಿಂತಿರಬೇಕು.”

ಆಡಿದ ಮೇಲೆ ಮಾತು ಎಷ್ಟು ದೂರ ಹೋಯಿತೆಂದು ಅವನಿಗೇ ಕಂಡಿತು. ಅಪ್ಪ ಅಂಗಿಯ ತುದಿಯನ್ನು ಕೈಬಿಟ್ಟರು. “ಆಯ್ತು,” ಅಂದರು ಕೊನೆಗೆ. “ನಿನ್ನೆದುರಿಗೆ ನಾನು ಬೇರೆ ಮಾತು ಆಡಲ್ಲ.”

*

ಮನೆಯ ಮುಂದೆ ಬಾಡಿಗೆಯ ಕುರ್ಚಿಗಳು ತುಂಬಿದ್ದವು. ಬಂದವರೆಲ್ಲ ಅಂಗಡಿಯ ಗಿರಾಕಿಗಳೇ. ಊರು ಅಪ್ಪನನ್ನು ಕತ್ತರಿಯಪ್ಪ ಎನ್ನುತ್ತಿತ್ತು, ಮಗನನ್ನು ಮರಿಕತ್ತರಿ. ಕೆಲವರ ಮೊದಲ ಕೂದಲು ತೆಗೆದವರೂ ಅವರೇ, ಮದುವೆಯ ಬೆಳಿಗ್ಗೆ ಗಡ್ಡ ತೆಗೆದವರೂ ಅವರೇ. ಈಗ ಆ ತಲೆಗಳೆಲ್ಲ ಬಗ್ಗಿದ್ದವು.

“ನನ್ನ ತಲೆಯ ಕತೆ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ,” ಎಂದ ಅಂಚೆಯವನು. ಅವನ ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. “ಮೊದಲು ಕೂದಲು ನೋಡ್ತಿದ್ರು, ಆಮೇಲಾಮೇಲೆ ತಲೆ ನೋಡ್ತಿದ್ರು.”

“ನಿನ್ನದು ಎರಡು ನಿಮಿಷದ ಕೆಲಸ. ಅರ್ಧಗಂಟೆ ಕೂರಿಸ್ತಿದ್ರಲ್ಲೋ,” ಎಂದ ಲಾರಿ ಡ್ರೈವರು.

“ಕತ್ತರಿ ಸುಮ್ನೆ ಗಾಳೀಲಿ ಆಡ್ತಿತ್ತು. ಪಕ್ಕದವನಿಗೆ ಅಷ್ಟು ಹೊತ್ತು ಮಾಡಿ ನನ್ನನ್ನ ಬೇಗ ಎಬ್ಬಿಸಿದ್ರೆ ನನಗೆ ಬೇಜಾರಾಗುತ್ತೆ ಅಂತ.” ಅಂಚೆಯವನು ನಗಲು ಹೋಗಿ ಮೂಗು ಒರೆಸಿಕೊಂಡ. “ಗಾಳಿ ಕತ್ತರಿಸಿದವರು ಮಹರಾಯ. ನನಗೋಸ್ಕರ ಗಾಳಿ ಕತ್ತರಿಸಿದವರು.”

ಸೋದರಮಾವ ಕೈ ಕಟ್ಟಿಕೊಂಡು ಅವರ ನಡುವೆ ಬಂದು ನಿಂತ. “ಹಾರ್ಟಿನ ವಿಷಯವೇ ಹೀಗೆ ನೋಡಿ. ಇದ್ದಕ್ಕಿದ್ದ ಹಾಗೆ ಕೈಕೊಡುತ್ತೆ.”

ಅಂಚೆಯವನು ಡ್ರೈವರನ್ನು ನೋಡಿದ. ಡ್ರೈವರು ತನ್ನ ಚಪ್ಪಲಿಯನ್ನು ನೋಡಿದ. ನಿವೃತ್ತ ಮೇಷ್ಟ್ರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, “ಯಾರದಾದರೂ ಕೊನೆಗೆ ನಿಲ್ಲೋದು ಅದೇ ತಾನೆ,” ಎಂದರು.

ಬಾಗಿಲಲ್ಲಿ ನಿಂತಿದ್ದ ಮಗನಿಗೆ ಉಸಿರು ಸಲೀಸಾಯಿತು. ಯಾರೂ ಏನೂ ಕೆದಕಲಿಲ್ಲ. ಇನ್ನು ಒಂದೆರಡು ಗಂಟೆ. ಆಮೇಲೆ ಬೆಂಕಿ ಎಲ್ಲವನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಮರುಕ್ಷಣವೇ ಕಿವಿಯವರೆಗೂ ಬಿಸಿಯಾದ.

*

ಪೋರ್ಟು ಇಟ್ಟ ಮೇಲೆ ಎರಡು ವಾರಕ್ಕೊಮ್ಮೆ ಅಪ್ಪ ಆಸ್ಪತ್ರೆಗೆ ಹೋಗುತ್ತಿದ್ದರು. ಹೊರಡುವ ಮೊದಲು ತಾಯಿ ಅದರ ಮೇಲೆ ಮರಗಟ್ಟಿಸುವ ಮುಲಾಮು ಬಳಿದು, ತೆಳ್ಳನೆಯ ಹಾಳೆ ಮುಚ್ಚುತ್ತಿದ್ದಳು. ಗಂಟೆ ಹೊತ್ತಿಗೆ ಚರ್ಮ ಜಡವಾಗಿ ಸೂಜಿ ಇಳಿದದ್ದು ತಿಳಿಯುತ್ತಿರಲಿಲ್ಲ. ಅರ್ಧ ದಿನ ಅಲ್ಲಿ ಔಷಧಿ; ಮಿಕ್ಕದ್ದು ಹಾಲಿನ ಬಾಟಲಿಯಂಥ ಪಂಪಿನಲ್ಲಿ. ಅದನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ಎರಡು ದಿನ ಮನೆಯಲ್ಲೇ ಇರಬೇಕು. ಬಾಟಲಿ ಬರಿದಾದ ಮೇಲೆ ಹೋಗಿ ಸೂಜಿ ತೆಗೆಸಿಕೊಂಡು ಬರುವುದು. ಕೂದಲು ಉದುರಲಿಲ್ಲ. ಸುಳ್ಳಿಗೆ ಅದೊಂದು ಅನುಕೂಲವಾಯಿತು.

ಉದುರಿದ್ದು ಬೇರೆ. ಆ ಔಷಧಿಗೆ ತಣ್ಣನೆಯದು ಆಗದು. ಲೋಹ ಮುಟ್ಟಿದರೆ ಬೆರಳಿಗೆ ಮುಳ್ಳು ಹೊಕ್ಕ ಹಾಗೆ. ತಾಯಿ ಕತ್ತರಿಯ ಹಿಡಿಗಳಿಗೆ ಬಟ್ಟೆ ಸುತ್ತಿ ಹೊಲಿದುಕೊಟ್ಟಳು. ಬಿಸಿನೀರಿನ ಚೆಂಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಅಪ್ಪ ಕೆಲಸ ಮಾಡಿದರು. ನಾಲ್ಕೈದು ತಿಂಗಳಿಗೆ ಬೆರಳ ತುದಿಗಳು ಮರಗಟ್ಟಿದವು. ಒಂದು ದಿನ ಅವರೇ ಕ್ಷೌರದ ಕತ್ತಿಯನ್ನು ಒರೆಸಿ, ಮಡಿಸಿ, ಮಗನ ಕನ್ನಡಿಯ ಮುಂದೆ ಇಟ್ಟರು. “ಗಡ್ಡಗಳೆಲ್ಲ ನಿನಗೆ. ತಿಳಿಯದ ಬೆರಳಿಗೆ ಕತ್ತಿ ಕೊಡಬಾರದು. ತಲೆ ನಾನು ನೋಡ್ಕೊಳ್ತೀನಿ.”

ವಿಚಿತ್ರವೆಂದರೆ ಮಗನ ಕುರ್ಚಿ ಖಾಲಿಯಿದ್ದರೂ ಜನ ಅಪ್ಪನಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದರು. “ಬನ್ನಿ, ನಾನು ಮಾಡ್ತೀನಿ,” ಎಂದರೆ “ಇರಲಿ ಬಿಡು ಮರಿಕತ್ತರಿ, ಅವಸರವೇನಿಲ್ಲ,” ಎನ್ನುತ್ತಿದ್ದರು. ಸುಳ್ಳು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅವನು ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಒಮ್ಮೆ ಮಾತ್ರ ಗುಟ್ಟು ಬಯಲಾಗುವುದರಲ್ಲಿತ್ತು. ಮೇಷ್ಟ್ರು ಕುರ್ಚಿಯಲ್ಲಿದ್ದರು. ಬೆಂಚಿನ ಮೇಲೆ ಹೊಸಬನೊಬ್ಬ, ಎಲ್ಲಿಂದಲೋ ಬಂದು ನೆಲೆಸಿದ ಗಡಿಯಾರ ರಿಪೇರಿಯವನು, ಬಾಯಿ ಬಿಟ್ಟ. “ಯಜಮಾನ್ರೇ, ಹಾರ್ಟಿನ ಮಷೀನು ಎಡಗಡೆ ಅಲ್ವಾ ಹಾಕೋದು? ನಿಮ್ಮದು ಬಲಗಡೆ ಉಬ್ಬಿದೆಯಲ್ಲ.”

ಕತ್ತರಿ ನಿಂತಿತು. ಮಗನ ಕೈಯಲ್ಲಿದ್ದ ಬ್ರಷ್ಷಿನಿಂದ ನೊರೆ ನೆಲಕ್ಕೆ ಬಿತ್ತು.

“ನನ್ನದು ಎಡಗಡೆ,” ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ. “ಅದು ಹಳೇ ಮಾದರಿ. ಇವರದು ಹೊಸದು, ಬಲಗಡೆಯೇ ಕೂರುತ್ತೆ. ನೀನು ಗಡಿಯಾರದ ಮುಳ್ಳು ನೋಡ್ಕೋ ಮಾರಾಯ, ಎಡ ಬಲ ಅದಕ್ಕೆ ಸಾಕು.”

ಬೆಂಚು ನಕ್ಕಿತು. ಮೇಷ್ಟ್ರಂಥ ಮೇಷ್ಟ್ರೂ ನಂಬಿದ್ದಾರೆ ಎಂದು ಮಗನಿಗೆ ನೆಮ್ಮದಿಯಾಯಿತು.

*

ಚಿತಾಗಾರ ಊರ ಹೊರಗಿನ ತಗ್ಗಿನಲ್ಲಿತ್ತು. ಉದ್ದನೆಯ ಹಾಲ್, ಕೊನೆಯಲ್ಲಿ ಕಬ್ಬಿಣದ ಬಾಗಿಲು, ಅದರ ಪಕ್ಕದಲ್ಲಿ ಮೇಜು. ಒಲೆ ನೋಡಿಕೊಳ್ಳುವ ಆಪರೇಟರು ಕಿವಿಯ ಸಂದಿಯಲ್ಲಿ ಪೆನ್ನು ಸಿಕ್ಕಿಸಿಕೊಂಡ ಸಣಕಲು ಮನುಷ್ಯ. ದಿನಾ ಅಳುವವರನ್ನು ನೋಡಿ ನೋಡಿ ಅವನ ದನಿ ಮೆದುವೂ ಅಲ್ಲ, ಗಡುಸೂ ಅಲ್ಲ, ಇಸ್ತ್ರಿ ಮಾಡಿದ ಹಾಗಿತ್ತು. ವಯಸ್ಸು ಕೇಳಿದ, ವಿಳಾಸ ಕೇಳಿದ, ಬರೆದುಕೊಂಡ.

“ಮೈಯೊಳಗೆ ಮಷೀನು ಗಿಷೀನು ಏನಾದ್ರೂ ಇದೆಯಾ?”

ಮಗ ಬಾಯಿ ತೆರೆಯುವ ಮೊದಲೇ ಸೋದರಮಾವ ಮುಂದೆ ಬಂದ. “ಇದೆ. ಹಾರ್ಟಿಂದು. ಬರ್ಕೊಳ್ಳಿ.”

ಆಪರೇಟರು ಬರೆಯಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟ. “ತೆಗೆಸಿದ್ದೀರಾ?”

“ತೆಗೆಸೋದೇನು?”

“ಅದರಲ್ಲಿ ಬ್ಯಾಟರಿ ಇರುತ್ತೆ ಸ್ವಾಮಿ, ಬಿಸಿಗೆ ಸಿಡಿಯುತ್ತೆ. ಹಿಂದೆ ಒಬ್ಬರು ಹೇಳದೆ ಒಳಗೆ ಕಳಿಸಿಬಿಟ್ರು. ಒಲೆಯ ಇಟ್ಟಿಗೆ ಬಿರುಕು ಬಿಡ್ತು, ನನಗೆ ಒಂದು ವಾರ ಕಿವಿ ಕೇಳಿಸಲಿಲ್ಲ. ಅದು ಇದ್ದರೆ ನಾನು ಒಲೆ ಹಚ್ಚೋ ಹಾಗಿಲ್ಲ.” ಅವನು ಫೋನು ತೆಗೆದ. “ಆಸ್ಪತ್ರೆಯ ಶವಾಗಾರದಿಂದ ಒಬ್ಬ ಬರ್ತಾನೆ. ಸಣ್ಣಗೆ ಕೊಯ್ದು, ತೆಗೆದು, ಹೊಲಿದುಕೊಡ್ತಾನೆ. ಐದು ನಿಮಿಷದ ಕೆಲಸ. ಮಗ ಯಾರು? ಒಪ್ಪಿಗೆ ಅಂತ ಇಲ್ಲಿ ಸಹಿ ಹಾಕಿ.”

ಕಾಗದ ಮುಂದೆ ಬಂತು. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ಅವನು ತಲೆಯೆತ್ತಿದ. ಹಾಲ್‌ನ ತುಂಬ ಗಿರಾಕಿಗಳು. ಪ್ರತಿಯೊಬ್ಬರೂ ಅವನನ್ನೇ ನೋಡುತ್ತಿದ್ದರು. ನಾಳೆ, ನಾಳಿದ್ದು, ವರ್ಷವಿಡೀ ಇದೇ ಮುಖಗಳು ಅಂಗಡಿಯ ಕನ್ನಡಿಯಲ್ಲಿ ಕಾಣಬೇಕು. ಎರಡು ವರ್ಷ ನಮ್ಮ ತಲೆಯ ಮೇಲೆ ಆಡಿದ ಕೈ ಎಂಥದು ಅಂತ ನಮಗೆ ಹೇಳಲಿಲ್ಲವಲ್ಲೋ ಎಂದು ಒಬ್ಬ ಕೇಳಿದರೆ? ಒಬ್ಬ ಎದ್ದು ಎದುರಿನ ಗಾಜಿನ ಬಾಗಿಲಿಗೆ ಹೋದರೆ?

ಅವನು ಸಹಿ ಹಾಕಿದ.

“ಏನಪ್ಪಾ ಇದು,” ಎಂದು ಡ್ರೈವರು ಹೆಜ್ಜೆ ಮುಂದಿಟ್ಟ. ಮೇಷ್ಟ್ರು ಅವನ ತೋಳು ಹಿಡಿದು ತಲೆಯಾಡಿಸಿದರು. ಡ್ರೈವರು ಹಿಂದೆ ಸರಿದ.

ತಾಯಿ ಗೋಡೆಯ ಬೆಂಚಿನ ಮೇಲೆ ಕೂತಿದ್ದಳು. ಮಗ ಹೋಗಿ ಪಕ್ಕದಲ್ಲಿ ಕೂತ.

“ಹಾಕಿದೆಯಾ?”

“ಹೂಂ.”

“ಹೊಟ್ಟೆ ಕೊಯ್ದರು, ಎದೆ ಕೊಯ್ದರು. ಎಲ್ಲ ಬದುಕ್ಲಿ ಅಂತ. ಇದು ಯಾತಕ್ಕೆ?”

“ಈಗ ನೋವಾಗಲ್ಲಮ್ಮ.”

“ಅವರಿಗೆ ಆಗಲ್ಲ,” ಎಂದಳು. ಆಮೇಲೆ ಕಬ್ಬಿಣದ ಬಾಗಿಲನ್ನು ನೋಡುತ್ತ ಹೇಳಿದಳು: “ನಾನು ಬಾಯಿ ಬಿಡಲ್ಲ ಕಣೋ. ಅವರೂ ಬಿಡಲಿಲ್ಲ. ಗಂಟು ಹಾಕಿದವನು ನೀನು, ಬಿಚ್ಚೋನೂ ನೀನೇ.”

*

ಮೊದಲ ಸಲ ಪಂಪು ಹೊತ್ತುಕೊಂಡು ಅಪ್ಪ ಮನೆಗೆ ಬಂದ ಮಧ್ಯಾಹ್ನ. ಮಗ ಊಟಕ್ಕೆ ಬಂದವನು ಬಚ್ಚಲಲ್ಲಿ ತನ್ನ ಟವೆಲನ್ನು ಅಪ್ಪನ ಟವೆಲಿನ ಪಕ್ಕದಿಂದ ತೆಗೆದು, ಬಾಗಿಲ ಹಿಂದಿನ ಮೊಳೆಗೆ ಹಾಕುತ್ತಿದ್ದ. ತಿರುಗಿದರೆ ಅಪ್ಪ ನಿಂತಿದ್ದರು. ಅವರು ಟವೆಲನ್ನೂ ನೋಡಿದರು, ಅವನನ್ನೂ ನೋಡಿದರು. ಬೈಯಲಿಲ್ಲ. ಅಂಗಿಯ ಎರಡು ಗುಂಡಿ ಬಿಚ್ಚಿ, ಹೆದರಿದ ಕರುವನ್ನು ಮಾತಾಡಿಸುವ ಹಾಗೆ ಕರೆದರು.

“ಬಾ. ಒಂದು ಸಲ ಮುಟ್ಟಿ ನೋಡು. ಕಣ್ಣಿಗೆ ಕಂಡರೆ ಹೆದರಿಕೆ ಅರ್ಧ ಆಗುತ್ತೆ, ಕೈಗೆ ಸಿಕ್ಕರೆ ಪೂರ್ತಿ ಹೋಗುತ್ತೆ. ಕತ್ತಲೆ ಕೋಣೆಗೆ ನಿನ್ನನ್ನ ಹೀಗೇ ಕರ್ಕೊಂಡು ಹೋಗ್ತಿದ್ದೆ, ಗೊತ್ತಾ?”

“ಅಂಗಡೀಲಿ ಜನ ಕಾಯ್ತಿದ್ದಾರಪ್ಪ,” ಎಂದ ಅವನು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನು ಹೋಗಿ ಖಾಲಿ ಕುರ್ಚಿಯನ್ನು ಒರೆಸಿದ. ಜನಕ್ಕೆ ಹೆದರಿ ಹೇಳಿದ ಸುಳ್ಳು ಅದು ಎಂದು ತನಗೆ ತಾನೇ ಸಾವಿರ ಸಲ ಹೇಳಿಕೊಂಡಿದ್ದ. ಆ ಜನರಲ್ಲಿ ಮೊದಲನೆಯವನು ತಾನೇ ಎಂದು ಮಾತ್ರ ಹೇಳಿಕೊಂಡಿರಲಿಲ್ಲ.

*

ಶವಾಗಾರದವನು ಸ್ಕೂಟರಿನಲ್ಲಿ ಬಂದ. ಉಕ್ಕಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೈಗೆ ತೆಳುವಾದ ಗವಸು ಏರಿಸಿಕೊಂಡ. ಹೆಂಗಸರು ಬೇಕಾದರೆ ಹೊರಗೆ ಹೋಗಬಹುದು ಎಂದ. ತಾಯಿ ಕದಲಲಿಲ್ಲ.

“ಯಾರಾದ್ರೂ ಅಂಗಿ ಬಿಚ್ಚಿ,” ಎಂದ ಅವನು ಡಬ್ಬಿಯ ಮುಚ್ಚಳ ತೆಗೆಯುತ್ತ.

ಸೋದರಮಾವ ಮುಂದಾದ. “ನಾ ಬಿಚ್ತೀನಿ,” ಎಂದ ಮಗ.

ಕೊರಳಿನ ಗುಂಡಿ ಬಿಗಿಯಾಗಿತ್ತು. ಎರಡನೆಯದು, ಮೂರನೆಯದು. ಅಂಗಿಯ ಬಲಭಾಗವನ್ನು ಸರಿಸಿದ. ಎರಡು ವರ್ಷ ಒಂದೇ ಮನೆಯಲ್ಲಿ, ಒಂದೇ ಅಂಗಡಿಯಲ್ಲಿ ಕಳೆದು ಅವನು ಅದನ್ನು ನೋಡಿದ್ದು ಇದೇ ಮೊದಲು. ಇಷ್ಟೇ ಇತ್ತು. ಬಡವಾದ ಮೈಯಲ್ಲಿ ಬಟ್ಟಲು ಕವುಚಿದ ಹಾಗೆ ಒಂದು ಸಣ್ಣ ಉಬ್ಬು. ಮೇಲೊಂದು ಬೆರಳುದ್ದ ಗೆರೆ. ಉಬ್ಬಿನ ನೆತ್ತಿಯಲ್ಲಿ ಸೂಜಿ ಇಳಿದ ಗುರುತುಗಳು ನವುರಾಗಿ ಗುಂಪುಗೂಡಿದ್ದವು. ಅದರ ಸುತ್ತ ಎದೆಯ ಬಿಳಿಗೂದಲನ್ನು ಯಾರೋ ಅಂದವಾಗಿ, ವೃತ್ತವಾಗಿ ಕತ್ತರಿಸಿದ್ದರು. ಯಾರೋ ಏನು, ಅಪ್ಪನೇ. ಕನ್ನಡಿ ನೋಡಿಕೊಂಡು, ತಿಳಿಯದ ಬೆರಳಿನಿಂದ. ನರ್ಸಮ್ಮನಿಗೆ ತೊಂದರೆಯಾಗಬಾರದೆಂದು.

ಮಗ ಅದರ ಮೇಲೆ ಬೆರಳಿಟ್ಟ. ತಣ್ಣಗಿತ್ತು. ಒತ್ತಿದರೆ ಒಳಗೆ ಕೊಂಚ ಜರುಗಿ ಮತ್ತೆ ತನ್ನ ಜಾಗಕ್ಕೆ ಬಂತು.

“ಸ್ವಲ್ಪ ಸರೀತೀರಾ?” ಎಂದ ಶವಾಗಾರದವನು.

“ಇದು ಹಾರ್ಟಿನ ಮಷೀನಲ್ಲ.”

ಮಗನ ದನಿ ಅವನಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದ, ಈ ಸಲ ಹಾಲ್‌ಗೆ ಕೇಳುವಂತೆ. “ಮಷೀನಲ್ಲ. ಇದು ಪೋರ್ಟು, ಕೀಮೋ ಕೊಡೋಕೆ ಇಟ್ಟಿದ್ದು. ಬ್ಯಾಟರಿ ಇಲ್ಲ ಇದರಲ್ಲಿ. ಅಪ್ಪನಿಗಿದ್ದದ್ದು ಕ್ಯಾನ್ಸರು. ಹಾರ್ಟು ಅಂತ ಸುಳ್ಳು ಹೇಳಿದ್ದು ನಾನು. ಅವರ ಹತ್ರ ಹೇಳಿಸಿದ್ದೂ ನಾನೇ.”

ಶವಾಗಾರದವನು ಬಗ್ಗಿ, ಒಂದು ಬೆರಳಿನಿಂದ ಒತ್ತಿ ನೋಡಿ, ಆಪರೇಟರಿಗೆ ತಲೆಯಾಡಿಸಿದ. “ಪೋರ್ಟೇ. ಹಾಗೇ ಕಳಿಸಬಹುದು.” ಗವಸು ಕಳಚಿದ.

ಸೋದರಮಾವ ಅಕ್ಕನ ಕಡೆಗೆ ತಿರುಗಿದ. “ನನಗೂ ಹೇಳಲಿಲ್ವಲ್ಲೇ ಅಕ್ಕ.”

“ನಿನ್ನ ಬಾಯಿಗೆ ಬಾಗಿಲು ಎಲ್ಲಿದೆಯೋ,” ಎಂದಳು ಅವಳು. ಅವನು ಅಕ್ಕನ ಪಕ್ಕ ಕುಸಿದು ಕೂತ.

ಮಗ ತಲೆ ಬಗ್ಗಿಸಿಕೊಂಡೇ ಕಾದ. ಗೊಣಗಾಟ ಏಳಬೇಕಿತ್ತು. ಯಾರಾದರೂ ತಮ್ಮ ಕೆನ್ನೆ ಸವರಿಕೊಳ್ಳಬೇಕಿತ್ತು. ಏನೂ ಆಗಲಿಲ್ಲ. ಅವನು ನಿಧಾನಕ್ಕೆ ಕಣ್ಣೆತ್ತಿದ. ಅಂಚೆಯವನು, ಡ್ರೈವರು, ಗಡಿಯಾರದವನು, ಹಿಂದಿನ ಸಾಲಿನವರು. ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಭಾರ ಹೊತ್ತವನು ಕೊನೆಗೂ ಇಳಿಸಿದಾಗ ನೋಡುವವರಿಗೆ ಆಗುವ ಸಣ್ಣ ಬಿಡುಗಡೆ ಮಾತ್ರ ಇತ್ತು.

“ನಿಮಗೆ…” ಎಂದ ಅವನು.

“ಗೊತ್ತಿತ್ತು ಕಣಪ್ಪ,” ಎಂದರು ಮೇಷ್ಟ್ರು. ಶಾಲೆಯಲ್ಲಿ ತಪ್ಪು ಉತ್ತರ ಹೇಳಿದ ಮಕ್ಕಳ ಹತ್ತಿರ ಬರುವ ಹಾಗೆ ಹತ್ತಿರ ಬಂದರು. “ನಮಗೆಲ್ಲ ಮೊದಲೇ ಹೇಳಿದ್ರು. ಯಾರೇ ಕುರ್ಚಿ ಹತ್ತಿದ್ರೂ, ನೀನು ನೀರಿಗೋ ಟೀಗೋ ಹೊರಗೆ ಹೋದಾಗ, ಕೊರಳಿಗೆ ಬಟ್ಟೆ ಕಟ್ಟೋ ಮೊದಲು ಕಿವಿಯಲ್ಲಿ ಹೇಳ್ತಿದ್ರು. ನನಗೆ ಹೀಗೆ ಹೀಗಿದೆ. ಅಂಟುವಂಥದ್ದಲ್ಲ. ಆದ್ರೂ ಮನಸ್ಸಿಗೆ ಬರದಿದ್ರೆ ಸಂಕೋಚ ಬೇಡ, ಮಗನ ಕುರ್ಚಿಗೆ ಹೋಗಿ. ಕತ್ತು ಕೊಟ್ಟು ಕೂರೋರಿಗೆ ನಾನು ಸುಳ್ಳು ಹೇಳಲಾರೆ ಅಂತ.”

“ನನಗೂ ಹೇಳಿದ್ರು,” ಎಂದ ಗಡಿಯಾರದವನು. “ನಾನು ಎಡ ಬಲ ಅಂತ ಬಾಯಿ ಹಾಕಿದ್ನಲ್ಲ, ಅದರ ಮಾರನೇ ವಾರ. ಆಮೇಲೆ ಬಾಯಿ ಮುಚ್ಕೊಂಡೆ.”

ಮಗ ಕೇಳದಿದ್ದದ್ದಕ್ಕೂ ಮೇಷ್ಟ್ರೇ ಉತ್ತರ ಕೊಟ್ಟರು. “ಕೊನೇಗೆ ಒಂದು ಮಾತು ತಪ್ಪದೇ ಸೇರಿಸ್ತಿದ್ರು. ‘ಇದು ನಿಮಗೆ ಗೊತ್ತು ಅಂತ ಅವನಿಗೆ ಗೊತ್ತಾಗಬಾರದು. ಅವನಿಗೆ ಅವಮಾನ ಆಗುತ್ತೆ.’”

ಯಾರೂ ಮಗನ ಮುಖ ನೋಡಲಿಲ್ಲ. ಅವನು ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಆಪರೇಟರು ಒಪ್ಪಿಗೆಯ ಕಾಗದವನ್ನು ಹರಿದು, ಮಷೀನು ಇಲ್ಲ ಎಂದು ಬರೆದುಕೊಂಡ. ಒಬ್ಬೊಬ್ಬರಾಗಿ ಬಂದು ಸತ್ತವರ ಕೆನ್ನೆ ಮುಟ್ಟಿ ಹೋದರು. ಅಂಚೆಯವನು ಬಗ್ಗಿ ತನ್ನ ಬೋಳು ನೆತ್ತಿಯನ್ನು ಆ ಕೈಗಳ ಮೇಲೆ ಒಂದು ಗಳಿಗೆ ಇಟ್ಟು ಎದ್ದ. ಕಬ್ಬಿಣದ ಬಾಗಿಲು ತೆರೆಯಿತು, ಮುಚ್ಚಿತು. ತಾಯಿ ಕಣ್ಣು ಮುಚ್ಚಿ ಏನನ್ನೋ ಹೇಳಿಕೊಂಡಳು, ದೇವರಿಗೋ, ಗಂಡನಿಗೋ.

ಹೊರಗೆ ಅಂಗಳದ ಮೂಲೆಯಲ್ಲಿ ಒಂದೇ ಒಂದು ನಲ್ಲಿ. ಮೊದಲು ಮಗ ಹೋದ. ಕೈ ತೊಳೆದ. ಆಮೇಲೆ ಬಗ್ಗಿ ಮುಖವೊಡ್ಡಿದ. ನೀರು ಹಣೆಗೆ, ಕಣ್ಣಿಗೆ, ಕತ್ತಿಗೆ ಸುರಿಯುತ್ತಲೇ ಇತ್ತು, ಅವನು ಏಳಲಿಲ್ಲ. ಹೆಗಲು ಅಲುಗುತ್ತಿತ್ತು. ಅವನ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು, ಅಂಗಳದ ಗೇಟಿನವರೆಗೂ ಸಾಲು ಬೆಳೆಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಯಾರೂ ಕೆಮ್ಮಲಿಲ್ಲ, ಹೆಜ್ಜೆ ಮುಂದಿಡಲಿಲ್ಲ. ಒಬ್ಬ ಆಕಾಶ ನೋಡುತ್ತಿದ್ದ, ಒಬ್ಬ ಗೋಡೆಯ ಮೇಲಿನ ಬೋರ್ಡನ್ನು ಮತ್ತೆ ಮತ್ತೆ ಓದುತ್ತಿದ್ದ, ಮೇಷ್ಟ್ರು ಕೋಲಿನ ತುದಿಯಿಂದ ಮಣ್ಣಿನಲ್ಲಿ ಏನನ್ನೋ ಗೀಚುತ್ತಿದ್ದರು. ನೀರು ಹರಿದು ಎಲ್ಲರ ಕಾಲಿನ ಬಳಿಗೆ ಬರುತ್ತಿತ್ತು. ಅವರು ಪಾದಗಳನ್ನು ಸರಿಸದೆ ನಿಂತಿದ್ದರು.